ಅಕ್ಕನ ಹಲ್ಲುಜ್ಜಿದ ಬೀಗದಣ್ಣ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಎರಡು ದೊಡ್ಡ ಅಂಗಡಿಗಳ ನಡುವೆ ಕಪಾಟಿನಷ್ಟೇ ಅಗಲದ ಒಂದು ಜಾಗದಲ್ಲಿ ಅವನು ಮೂವತ್ತು ವರ್ಷದಿಂದ ಬೀಗ ರಿಪೇರಿ ಮಾಡುತ್ತಿದ್ದ. ಅವನಿಗಿಂತ ಹಿರಿಯರೂ ಅವನನ್ನು ಬೀಗದಣ್ಣ ಎಂದೇ ಕರೆಯುತ್ತಿದ್ದರು. ಕೀಲಿ ಕಳೆದುಕೊಂಡು ಬಾಗಿಲ ಮುಂದೆ ನಿಂತವರು, ಕೀಲಿ ಒಳಗೇ ಮುರಿದುಕೊಂಡು ಕೈಹಿಸುಕಿಕೊಳ್ಳುವವರು, ಹಳೆಯ ಪೆಟ್ಟಿಗೆ ಹೊತ್ತು ತಂದು ‘ಇದರಲ್ಲಿ ಏನಿದೆಯೋ ನಮಗೂ ಗೊತ್ತಿಲ್ಲ’ ಎನ್ನುವವರು, ಎಲ್ಲರಿಗೂ ಅವನೇ ಗತಿ. ಕೆಲಸದಲ್ಲಿ ಎತ್ತಿದ ಕೈ. ಧೈರ್ಯದಲ್ಲಿ ಮಾತ್ರ ಹೂಂ ಎಂದರೆ ಹಾರಿಬೀಳುವ ಗುಬ್ಬಚ್ಚಿ. ಊರವರ ಬಾಗಿಲನ್ನೆಲ್ಲ ತೆರೆಯುತ್ತಿದ್ದವನು ತನ್ನ ಮನೆಗೆ ಬೀಗ ಹಾಕಿ ಬಂದಮೇಲೆ ಅರ್ಧ ದಾರಿಯಿಂದ ಹಿಂದಿರುಗಿ ಹೋಗಿ ಎಳೆದು ನೋಡಿ ಬರುತ್ತಿದ್ದ.

ಅವನ ಭಯಗಳಲ್ಲೆಲ್ಲ ದೊಡ್ಡದಕ್ಕೆ ಒಂದು ಕಾರಣವಿತ್ತು. ಅಂಗಡಿ ಇಟ್ಟ ಹೊಸದರಲ್ಲಿ ಗಿರಾಕಿಯೊಬ್ಬಳ ಮಗು, ಇನ್ನೂ ತೆವಳುವ ಮಗು, ಕೆಳಗೆ ಬಿದ್ದಿದ್ದ ಸೂಟ್‌ಕೇಸಿನ ಪುಟ್ಟ ಕೀಲಿಯನ್ನು ಬಾಯಿಗೆ ಹಾಕಿಕೊಂಡುಬಿಟ್ಟಿತ್ತು. ಕೆಮ್ಮಿತು, ಆಮೇಲೆ ಕೆಮ್ಮುವುದನ್ನೂ ನಿಲ್ಲಿಸಿತು. ಮುಖ ನೀಲಿಗಟ್ಟಿತು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಪುಣ್ಯಾತ್ಮ ಓಡಿ ಬಂದು ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿ ಬೆನ್ನಿಗೆ ತಟ್ಟಿದ ಮೇಲೆ ಕೀಲಿ ಟಣ್ಣನೆ ನೆಲಕ್ಕೆ ಬಿತ್ತು. ಮಗು ಉಳಿಯಿತು. ಆದರೆ ಅಷ್ಟು ಹೊತ್ತೂ ಬೀಗದಣ್ಣ ಅರ ಹಿಡಿದ ಕೈಯನ್ನು ಇಳಿಸಲೂ ಆಗದೆ ಕಂಬದ ಹಾಗೆ ನಿಂತಿದ್ದ. ಅಂದಿನಿಂದ ಅಂಗಡಿಯಲ್ಲಿ ಒಂದು ಕೀಲಿಯೂ ಸೊಂಟಕ್ಕಿಂತ ಕೆಳಗೆ ಇರಲಿಲ್ಲ. ಯಾರಾದರೂ ಉಣ್ಣುವಾಗ ಕೆಮ್ಮಿದರೆ ಸಾಕು, ಅವನ ಜೀವ ಬಾಯಿಗೆ ಬರುತ್ತಿತ್ತು.

ಮನೆಯಲ್ಲಿ ಅವನು, ಅವನಿಗಿಂತ ಎಂಟು ವರ್ಷ ದೊಡ್ಡ ಅಕ್ಕ, ಇಬ್ಬರೇ. ತಾಯಿ ಬೇಗ ಹೋದದ್ದರಿಂದ ಅವನನ್ನು ಸಾಕಿದವಳು ಅವಳೇ. ಇಬ್ಬರಿಗೂ ಮದುವೆ ಕೂಡಿಬರಲಿಲ್ಲ. ಕೂಡಿಬರಲಿಲ್ಲ ಎನ್ನುವುದಕ್ಕಿಂತ, ಒಬ್ಬರನ್ನೊಬ್ಬರು ಬಿಟ್ಟು ಹೋಗುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಅಕ್ಕ ಇಪ್ಪತ್ತೆಂಟು ವರ್ಷ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಅಂಕಣದಲ್ಲಿದೆ ಎಂದು ಕೂಗಿ ಹೇಳಿದವಳು. ಊರಿಗೆ ಅವಳ ಮುಖ ಗೊತ್ತಿರಲಿಲ್ಲ, ದನಿ ಗೊತ್ತಿತ್ತು. ತರಕಾರಿಯವನ ಹತ್ತಿರ ಚೌಕಾಸಿಗೆ ನಿಂತರೆ ಪಕ್ಕದಲ್ಲಿದ್ದವರು ತಿರುಗಿ ನೋಡಿ, ‘ಓಹೋ, ನೀವಾ!’ ಎನ್ನುತ್ತಿದ್ದರು. ಅವಳಿಗೆ ಅದರ ಹೆಮ್ಮೆ ಇತ್ತು. ತನ್ನ ಬಾಯಿಯನ್ನು ತುಂಬ ಜೋಪಾನ ಮಾಡುತ್ತಿದ್ದಳು. ದಿನಾ ಬೆಳಿಗ್ಗೆ ಬಚ್ಚಲ ಚಿಲಕ ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು, ಕಾಲು ಗಂಟೆ ಹಲ್ಲುಜ್ಜುತ್ತಿದ್ದಳು. ಅವನು ಹೊರಗಿನಿಂದ ಕೂಗುತ್ತಿದ್ದ:

“ಅಕ್ಕಾ, ಹಲ್ಲು ಉಜ್ತಿದ್ದೀಯೋ, ಇಲ್ಲಾ ಕೂತ್ಕೊಂಡು ಒಂದೊಂದೇ ಕೆತ್ತುತಿದ್ದೀಯೋ?”

“ನಿನಗೇನು ಗೊತ್ತು, ಹೋಗೋ!”

ಅವಳು ನಿವೃತ್ತಳಾದ ನಾಲ್ಕನೆಯ ವರ್ಷ, ಒಂದು ಬೆಳಿಗ್ಗೆ ಚಹಾದ ಲೋಟ ಅವಳ ಬಲಗೈಯಿಂದ ಜಾರಿ ಬಿತ್ತು. ಅವಳು ಅದನ್ನೇ ನೋಡುತ್ತ ಕೂತಳು. ಏನಾಯ್ತು ಅಕ್ಕಾ ಎಂದರೆ ಬಾಯಿ ತೆರೆದಳು. ಮಾತಿನ ಬದಲು ಬಲಗಡೆಯ ತುಟಿಯಿಂದ ಚಹಾ ಸುರಿಯಿತು. ಮುಖದ ಅರ್ಧ ಭಾಗ ಮೇಣ ಕರಗಿದಂತೆ ಇಳಿದಿತ್ತು.

ಹನ್ನೊಂದು ದಿನ ಆಸ್ಪತ್ರೆ. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು, ಒಂದೇ ಒಂದನ್ನು ಬಿಟ್ಟು. ಅವಳ ನಾಲಿಗೆಯಲ್ಲಿ ಉಳಿದದ್ದು ‘ಬೇಡ’ ಎಂಬ ಮಾತು. ನೀರು ಕೊಟ್ಟರೂ ಬೇಡ, ಬೇಕಾದಾಗಲೂ ಬೇಡ, ತಮ್ಮನನ್ನು ಕರೆಯುವುದಕ್ಕೂ ಬೇಡ. ಯಾವುದು ನಿಜವಾದ ಬೇಡ, ಯಾವುದು ಬೇಕು ಎನ್ನುವ ಬೇಡ ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ.

ಮನೆಗೆ ಕಳಿಸುವಾಗ ಆಸ್ಪತ್ರೆಯವರು ಒಂದೇ ಉಸಿರಿನಲ್ಲಿ ನೂರೆಂಟು ಹೇಳಿದರು. ಮಾತ್ರೆ ಹೀಗೆ, ಮಗ್ಗುಲು ಬದಲಿಸುವುದು ಹೀಗೆ, ಊಟ ಮೆತ್ತಗಿರಲಿ, ಕೂರಿಸಿಯೇ ತಿನ್ನಿಸಿ. ಬಾಯಿ ತೊಳೆಯುವ ಮಾತು ಅದರಲ್ಲಿತ್ತೋ ಇಲ್ಲವೋ ಅವನಿಗೆ ಆಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಮನೆಗೆ ಬಂದ ಮಾರನೆಯ ದಿನ ಅವನು ಒಮ್ಮೆ ಪ್ರಯತ್ನ ಮಾಡಿದ್ದು ಮಾತ್ರ ನಿಜ. ಅವಳದೇ ಬ್ರಷ್ಷಿನ ಮೇಲೆ ಉದ್ದಕ್ಕೂ ಪೇಸ್ಟ್ ಹಾಕಿ, ದಿಂಬಿಗೊರಗಿದ್ದ ಅವಳ ಬಾಯೊಳಗೆ ಇಟ್ಟ. ನೊರೆ ಎದ್ದಿತು. ಅವಳು ಕೆಮ್ಮಿದಳು. ಕೆಮ್ಮು ಬಿಡಲಿಲ್ಲ, ಮುಖ ಕೆಂಪಾಗಿ ಕಣ್ಣು ಮೇಲಾದವು. ಅವನ ಕೈಯಿಂದ ಬ್ರಷ್ಷು ಬಿತ್ತು. ಕೆಮ್ಮು ತಾನಾಗಿಯೇ ನಿಂತಿತು. ಆದರೆ ಅವನ ಕಣ್ಣ ಮುಂದೆ ನಿಂತದ್ದು ಅಂಗಡಿಯ ನೆಲದ ಮೇಲಿನ ಆ ನೀಲಿ ಮುಖ. ಅಂದಿನಿಂದ ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಿ, ಆಯಿತು ಎಂದುಕೊಳ್ಳತೊಡಗಿದ. ‘ತಿನ್ನೋದೇ ಹಾಲಲ್ಲಿ ನೆನೆಸಿದ ಬ್ರೆಡ್ಡು, ಹಲ್ಲಿಗೆ ಏನಂಟುತ್ತೆ?’ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮನಸ್ಸಿನ ಯಾವುದೋ ಮೂಲೆ ಅದನ್ನು ನಂಬಲಿಲ್ಲ. ಆ ಮೂಲೆಯ ಕಡೆ ಅವನು ತಿರುಗಲಿಲ್ಲ.

ಹಗಲಲ್ಲಿ ಅವನು ಅಂಗಡಿಗೆ ಹೋದಾಗ ಅಕ್ಕನ ಜೊತೆ ಕೂರುತ್ತಿದ್ದವಳು ಕೆಳಗಿನ ಮನೆಯ ಟೈಲರಮ್ಮ. ಗುಂಡಿ ಹಾಕುವುದು, ಅಂಚು ಮಡಿಚುವುದು ಮುಂತಾದ ಕೈಹೊಲಿಗೆಯನ್ನು ಮೇಲೆ ತಂದುಕೊಂಡು ಕಿಟಕಿಯ ಹತ್ತಿರ ಕೂತಿರುತ್ತಿದ್ದಳು. ಎರಡು ವಾರವಾದ ಮೇಲೆ ಒಂದು ಸಂಜೆ ಮೆಟ್ಟಿಲಲ್ಲಿ ಅವನನ್ನು ತಡೆದಳು.

“ಬೀಗದಣ್ಣ, ತಪ್ಪು ತಿಳ್ಕೋಬೇಡಿ. ಅಕ್ಕನ ಬಾಯಿಂದ ವಾಸನೆ ಬರ್ತಿದೆ.”

“ಮಾತ್ರೆಗಳದ್ದು ಕಣಮ್ಮ.”

“ಮಾತ್ರೆ ವಾಸನೆ ನನಗೆ ಗೊತ್ತಿಲ್ವಾ? ಇದು ಬೇರೆ ಥರ. ಬಾಯಿ ತೊಳೀತಿದ್ದೀರಿ ತಾನೇ?”

“ಹೂಂ, ತೊಳೀತಿದ್ದೀನಿ,” ಎಂದು ಅವನು ಮೆಟ್ಟಿಲು ಹತ್ತಿದ. ಬೆನ್ನ ಹಿಂದೆ ಅವಳು ಇನ್ನೂ ನಿಂತಿರುವುದು ಗೊತ್ತಾಗುತ್ತಿತ್ತು.

ಇಪ್ಪತ್ತನೆಯ ದಿನ ಅಕ್ಕನಿಗೆ ಜ್ವರ ಬಂತು. ಮಧ್ಯಾಹ್ನದ ಹೊತ್ತಿಗೆ ಉಸಿರು ಏದುಸಿರಾಯಿತು, ಎದೆಯೊಳಗೆ ನೀರು ಕುದಿಯುವ ಸದ್ದು. ಟೈಲರಮ್ಮ ಅಂಗಡಿಗೆ ಓಡಿ ಬಂದಳು. ಅವನು ಶಟರ್ ಎಳೆಯುವುದನ್ನೂ ಮರೆತು ಓಡಿದ.

ಡಾಕ್ಟರು ಎದೆಯ ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು ಬಿಳಿ ಮಚ್ಚೆಯೊಂದನ್ನು ತೋರಿಸಿದರು. “ನಿಮೋನಿಯಾ. ಇವರಿಗೆ ನುಂಗೋದು ಸರಿಯಾಗಿಲ್ಲ, ಉಗುಳು ಆಗಾಗ ಶ್ವಾಸನಾಳಕ್ಕೆ ಇಳಿಯುತ್ತೆ. ಬಾಯಿ ಕೊಳೆಯಾಗಿದ್ರೆ ಆ ಕೊಳೆ ಎಲ್ಲಾ ಶ್ವಾಸಕೋಶಕ್ಕೇ ಹೋಗುತ್ತೆ. ದಿನಾ ಹಲ್ಲುಜ್ತಿದ್ರಾ?”

“ಹೂಂ,” ಎಂದ ಬೀಗದಣ್ಣ.

ಸ್ವಲ್ಪ ಹೊತ್ತಿಗೆ ದಪ್ಪ ಕನ್ನಡಕದ ನರ್ಸೊಬ್ಬಳು ಟಾರ್ಚು, ಬಟ್ಟಲು, ಬಿಳಿ ಬಟ್ಟೆಯ ತುಂಡುಗಳನ್ನು ತಂದಳು. ಅಕ್ಕನನ್ನು ನೆಟ್ಟಗೆ ಕೂರಿಸಿ, ಕೆಳದವಡೆಯನ್ನು ಮೆಲ್ಲಗೆ ಇಳಿಸಿ, ಒಳಗೆ ಬೆಳಕು ಬಿಟ್ಟಳು.

“ಇದನ್ನ ಯಾವಾಗ ತೆಗ್ದಿದ್ರಿ?”

“ಯಾವುದನ್ನ?”

ನರ್ಸು ಎರಡು ಬೆರಳು ಹಾಕಿ ಮೇಲ್ದವಡೆಯಿಂದ ಏನನ್ನೋ ಅಲ್ಲಾಡಿಸಿ ಹೊರತೆಗೆದಳು. ಗುಲಾಬಿ ಬಣ್ಣದ ಒಂದು ತೆಳು ತಟ್ಟೆ, ಅದರಲ್ಲಿ ಮೂರು ಹಲ್ಲು. ಅದರ ಮೇಲೆ ಹಳದಿ ಅಂಟು, ಅಂಚಿನಲ್ಲಿ ಕಪ್ಪಗಾದ ಬ್ರೆಡ್ಡು. ತಟ್ಟೆ ಇದ್ದ ಜಾಗದ ಒಸಡು ಸುಟ್ಟ ಚರ್ಮದಂತೆ ಕೆಂಪಾಗಿತ್ತು. ಬಲಗೆನ್ನೆಯ ಸಂದಿಯಿಂದ ಅವಳು ಬೆರಳಿಗೆ ಸುತ್ತಿದ ಬಟ್ಟೆಯಲ್ಲಿ ಬಳಿದು ತೆಗೆದದ್ದು, ಎಷ್ಟು ದಿನದ್ದೋ, ಬೆಲ್ಲದಚ್ಚಿನಂತೆ ಗಟ್ಟಿಯಾದ ಉಂಡೆ.

ಅಕ್ಕನಿಗೆ ಕಟ್ಟಿಸಿದ ಹಲ್ಲುಗಳಿವೆ ಎಂಬುದು ಅವನಿಗೆ ಆ ಕ್ಷಣದವರೆಗೂ ಗೊತ್ತಿರಲಿಲ್ಲ. ಒಂದೇ ಸೂರಿನಡಿ ಅಷ್ಟು ವರ್ಷ. ಬಚ್ಚಲ ಚಿಲಕ, ಬಿಟ್ಟ ನಲ್ಲಿ, ಎಲ್ಲ ಇದಕ್ಕೆ. ಅವಳು ಕಣ್ಣು ಮುಚ್ಚಿಕೊಂಡಳು. ಎಡಗೈಯನ್ನು ಎತ್ತಿ ಬಾಯಿಗೆ ಅಡ್ಡ ಹಿಡಿದು, “ಬೇಡ, ಬೇಡ,” ಎಂದಳು. ಅದು ನಿಜವಾದ ಬೇಡ ಎಂದು ಅವನಿಗೆ ತಿಳಿಯಿತು.

“ನಾನು ಒಂದು ದಿನಾನೂ ಉಜ್ಜಿಲ್ಲ ಸಿಸ್ಟರ್,” ಎಂದ. ದನಿ ತೀರ ಸಣ್ಣದಾಗಿತ್ತು. “ನಾನೇ ಮಾಡಿದ್ದು ಇದು. ನಾನೇ ಅವಳನ್ನ...”

“ಅಣ್ಣಾ, ಈಗ ನೋಡಿ ಕಲೀರಿ. ಆಮೇಲೆ ಬೇಕಾದ್ರೆ ಅಳಿ,” ಎಂದಳು ನರ್ಸು. “ಇಲ್ಲಿ ಬನ್ನಿ, ಟಾರ್ಚು ಹಿಡೀರಿ.”

ನಾಲ್ಕು ದಿನ ಅಕ್ಕನ ಜೀವ ತೂಗುಯ್ಯಾಲೆಯಲ್ಲಿತ್ತು. ಮೂಗಿಗೆ ಕೊಳವೆ, ಕೈಗೆ ಸೂಜಿ. ಬೀಗದಣ್ಣ ಉದ್ದ ಬೆಂಚಿನ ಮೇಲೆ ಕೂತು ಅವಳ ಎದೆ ಏರುವುದನ್ನು ಇಳಿಯುವುದನ್ನು ಎಣಿಸುತ್ತಿದ್ದ. ಐದನೆಯ ದಿನ ಜ್ವರ ಇಳಿಯಿತು. ಆ ದಿನಗಳಲ್ಲಿ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ನರ್ಸು ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಆರನೆಯ ದಿನ ಬ್ರಷ್ಷನ್ನು ಅವನ ಕೈಗೆ ಕೊಟ್ಟಳು. ಅವನ ಕೈ ಎಲೆಯಂತೆ ಅಲುಗಿತು.

“ನಿಮಗೆ ಯಾವುದರ ಭಯ? ಬಿಡಿಸಿ ಹೇಳಿ.”

“ಉಸಿರು ಕಟ್ಟಿಬಿಟ್ರೆ?”

“ಅದಕ್ಕೇ ಕೂರಿಸೋದು. ಗಲ್ಲ ಸ್ವಲ್ಪ ಎದೆ ಕಡೆ ಬಾಗಿರ್ಲಿ, ಅಂಗಾತ ಮಾತ್ರ ಬೇಡ. ಲೋಟದಲ್ಲಿ ನೀರು ಕೊಟ್ಟು ಮುಕ್ಕಳಿಸು ಅನ್ನೋದೂ ಬೇಡ. ಬ್ರಷ್ಷು ಒದ್ದೆ ಮಾಡಿ ಕೊಡವಿ. ಪೇಸ್ಟು ತೀರಾ ಒಂದಿಷ್ಟು, ಬರೀ ಸವರಿದ ಹಾಗೆ. ನೊರೆ ಬಂದಷ್ಟೂ ಬಟ್ಟೇಲಿ ಒರೆಸ್ತಾ ಇರಿ. ಕೆಮ್ಮು ಬಂದ್ರೆ ಕೈ ಹೊರಗೆ ತೆಗೀರಿ, ಮುಂದಕ್ಕೆ ಬಗ್ಗಿಸಿ, ಕೆಮ್ಮಲಿ. ಕೆಮ್ಮು ಶತ್ರು ಅಲ್ಲ ಅಣ್ಣಾ. ಕೆಮ್ಮು ಕಾವಲುಗಾರ.”

“ಕಚ್ಚಿಬಿಟ್ರೆ?”

“ಕಚ್ಚೋ ಹಲ್ಲಿನ ಮಧ್ಯೆ ಬೆರಳಿಡೋದೇ ಬೇಡ. ಕೆನ್ನೆ ಒಳಗಡೆ, ಹಲ್ಲಿನ ಹೊರಗಡೆಯಿಂದ ಹೋಗ್ಬೇಕು. ಬ್ರಷ್ಷು ಕಚ್ಚಿದ್ರೆ ಎಳೀಬೇಡಿ. ಕಾಯಿರಿ.”

“ನನ್ನ ಕೈ ಹೀಗೆ ನಡುಗುತ್ತಲ್ಲ?”

“ಮೊಣಕೈನ ಪಕ್ಕೆಗೆ ಒತ್ತಿ ಹಿಡ್ಕೊಳ್ಳಿ. ನಂದೂ ಮೊದಮೊದಲು ನಡುಗ್ತಿತ್ತು.”

ಮನೆಗೆ ಬಂದ ದಿನವೇ ಅವನು ಕಿಟಕಿಯ ಬಳಿ ಕೈಯಿರುವ ಕುರ್ಚಿಯೊಂದನ್ನು ಹಾಕಿ ಬಲಗಡೆ ದಿಂಬು ಇಟ್ಟ. ಪಕ್ಕದ ಸ್ಟೂಲಿನ ಮೇಲೆ ಮಕ್ಕಳ ಬ್ರಷ್ಷಿನಷ್ಟು ಚಿಕ್ಕ ತಲೆಯ ಮೆತ್ತನೆಯ ಬ್ರಷ್ಷು, ಪೇಸ್ಟು, ಟವೆಲು, ಒಗೆದ ಬಟ್ಟೆಯ ತುಂಡುಗಳು, ನೀರಿನ ಬಟ್ಟಲು, ತುಟಿಗೆ ಹಚ್ಚುವ ವ್ಯಾಸಲೀನು, ಹಲ್ಲಿನ ತಟ್ಟೆಗೊಂದು ಮುಚ್ಚಳದ ಡಬ್ಬಿ. ಕಗ್ಗತ್ತಲ ಬೀಗದೊಳಗೆ ನೋಡಲು ಹಣೆಗೆ ಕಟ್ಟಿಕೊಳ್ಳುತ್ತಿದ್ದ ದೀಪವನ್ನು ಅಂಗಡಿಯಿಂದ ಮನೆಗೆ ತಂದ. ಎಲ್ಲ ಸಜ್ಜಾಯಿತು. ಅವನೊಬ್ಬ ಸಜ್ಜಾಗಿರಲಿಲ್ಲ.

ಮೊದಲ ಬೆಳಿಗ್ಗೆ ಹಣೆಯ ದೀಪ ಹೊತ್ತಿಸಿಕೊಂಡು ಅವಳೆದುರು ಮಂಡಿಯೂರಿದ. “ಅಕ್ಕಾ, ಬಾಯಿ ತೆರಿ.” ಅವಳು ತುಟಿ ಬಿಗಿ ಹಿಡಿದಳು. “ಸ್ವಲ್ಪ ತೆರಿಯೇ.” “ಬೇಡ.” ಆ ‘ಬೇ’ ಎನ್ನುವಾಗ ತೆರೆದ ಸಂದಿಯಲ್ಲೇ ಬ್ರಷ್ಷು ನುಗ್ಗಿಸಬಹುದಿತ್ತು. ಆದರೆ ಅವಳ ಕಣ್ಣಲ್ಲಿದ್ದ ಹೆದರಿಕೆ ನೋಡಿ ಅವನು ಕೈ ಹಿಂದೆಗೆದ. ಇಬ್ಬರೂ ಹೆದರಿದವರೇ. ಅವಳಿಗೆ ಉಸಿರುಗಟ್ಟುವ ಭಯ, ಅವನಿಗೆ ಉಸಿರುಗಟ್ಟಿಸುವ ಭಯ. ಚಿಕ್ಕವನಿದ್ದಾಗ ಅವಳು ಅವನ ಮೂಗು ಹಿಡಿದು, ಬಾಯಿ ತೆರೆದ ಕೂಡಲೆ ಬ್ರಷ್ಷು ತೂರಿಸುತ್ತಿದ್ದದ್ದು ನೆನಪಾಯಿತು. ಹಾಗೆ ಮಾಡುವ ಧೈರ್ಯ ಅವನಿಗಿರಲಿಲ್ಲ. ಇಲ್ಲದಿದ್ದದ್ದು ಒಳ್ಳೆಯದೇ ಆಯಿತು.

ಅವನು ಬ್ರಷ್ಷನ್ನು ಅವಳ ಎಡಗೈಗೆ ಕೊಟ್ಟ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತಾನೇ ಬಾಯಿಗಿಟ್ಟುಕೊಂಡಳು. ಮುಂದಿನ ನಾಲ್ಕು ಹಲ್ಲುಗಳ ಮೇಲೆ ಸೊಟ್ಟಸೊಟ್ಟಗೆ ಆಡಿಸಿದಳು. ಆಮೇಲೆ ಅವನು ಅವಳ ಕೈ ಮೇಲೆ ಕೈ ಇಟ್ಟು, ಒಸಡಿನ ಅಂಚಿಗೆ ಓರೆಯಾಗಿ, ನರ್ಸು ಹೇಳಿಕೊಟ್ಟಂತೆ ಸಣ್ಣ ಸಣ್ಣ ಸುತ್ತು ಹಾಕುತ್ತ ಹಿಂದಿನ ಹಲ್ಲುಗಳಿಗೆ ಹೋದ. ಎಡಗಡೆ ಮುಗಿಯಿತು. ಬಲಗಡೆ, ಅವಳಿಗೆ ಸ್ಪರ್ಶವೇ ತಿಳಿಯದ ಆ ಸತ್ತ ಕಡೆ, ಇನ್ನೂ ನಿಧಾನವಾಗಿ ಹೋದ. ಬಟ್ಟೆ ಸುತ್ತಿದ ಬೆರಳಿನಿಂದ ಕೆನ್ನೆಯ ಸಂದಿ ಬಳಿದ. ನಾಲಿಗೆಯನ್ನು ಮೆಲ್ಲಗೆ ಒರೆಸಿದ. ಮುಗಿಸಿ ಎದ್ದಾಗ ಕಾಲು ಜೋಮು ಹಿಡಿದಿತ್ತು. ಗಡಿಯಾರ ನೋಡಿದರೆ ಮೂವತ್ತೈದು ನಿಮಿಷ.

“ಉಜ್ಜಿದ್ರೋ, ಕೆತ್ತಿದ್ರೋ?” ಎಂದು ಆಗ ತಾನೆ ಮೇಲೆ ಬಂದ ಟೈಲರಮ್ಮ ನಕ್ಕಳು. ಈ ಮಾತು ಅಕ್ಕನೇ ಯಾವಾಗಲೋ ಅವಳಿಗೆ ಹೇಳಿರಬೇಕು. ಅವನಿಗೆ ನಗು ಬರಲಿಲ್ಲ.

ಎರಡು ಹೊತ್ತು ಉಜ್ಜುವುದು, ಪ್ರತಿ ಊಟದ ಮೇಲೆ ಕೆನ್ನೆಯ ಸಂದಿ ನೋಡುವುದು, ಆಮೇಲೆ ಅರ್ಧ ಗಂಟೆ ಕೂರಿಸಿಯೇ ಇರುವುದು, ಮಲಗುವ ಮುಂಚೆ ಹಲ್ಲಿನ ತಟ್ಟೆ ತೆಗೆದು ಬೇರೆ ಬ್ರಷ್ಷಿನಲ್ಲಿ ಉಜ್ಜಿ ನೀರಿನಲ್ಲಿ ಹಾಕಿಡುವುದು. ಇಷ್ಟೇ. ಹೇಳುವುದಕ್ಕೆ ಎರಡು ಮಾತು. ಆದರೆ ಅವನು ಪ್ರತಿ ಬೆಳಿಗ್ಗೆ ಆರಕ್ಕೆ ಎಚ್ಚರವಾದ ಕೂಡಲೇ ‘ಇವತ್ತು ಒಂದು ದಿನ ಬಿಟ್ಟರೆ?’ ಎಂದು ಯೋಚಿಸುತ್ತಿದ್ದ. ಆಗ ಎದೆಯ ಚಿತ್ರದ ಆ ಬಿಳಿ ಮಚ್ಚೆ ನೆನಪಿಗೆ ಬರುತ್ತಿತ್ತು. ಒಂದು ಭಯ ಹಿಂದಕ್ಕೆ ಎಳೆದರೆ ಇನ್ನೊಂದು ಭಯ ಮುಂದಕ್ಕೆ ತಳ್ಳುತ್ತಿತ್ತು. ಎರಡನೆಯದಕ್ಕೆ ಒಂದು ಗುಲಗಂಜಿ ತೂಕ ಹೆಚ್ಚು, ಅಷ್ಟೆ.

ನಾಲ್ಕನೆಯ ದಿನ ಬ್ರಷ್ಷು ಹೊರತೆಗೆದಾಗ ಎಳೆಗಳೆಲ್ಲ ಕೆಂಪಾಗಿದ್ದವು. ನರ್ಸಿಗೆ ಫೋನು ಮಾಡಿದ.

“ರಕ್ತ! ಸಿಸ್ಟರ್, ಒಸಡು ಹರಿದುಬಿಟ್ಟೆ ಅನ್ಸುತ್ತೆ!”

“ಸುರೀತಾ ಇದೆಯಾ?”

“ಇಲ್ಲ... ನಿಂತಿದೆ. ಬ್ರಷ್ಷು ಕೆಂಪಾಗಿದೆ.”

“ಹರಿದಿಲ್ಲ ಅಣ್ಣಾ, ಊದಿಕೊಂಡಿದೆ. ಊದಿರೋ ಒಸಡು ಮುಟ್ಟಿದ್ರೆ ರಕ್ತ ಬರುತ್ತೆ. ಅದೂ ಅಲ್ದೆ ಅವರು ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತಗೋತಿದ್ದಾರೆ, ಸ್ವಲ್ಪ ಜಾಸ್ತಿನೇ ಕಾಣುತ್ತೆ. ಹೆದ್ರಿ ಅಲ್ಲಿ ಉಜ್ಜೋದು ಬಿಟ್ರೆ ಇನ್ನೂ ಊದುತ್ತೆ. ಮೆತ್ತಗೆ, ಅದೇ ಜಾಗ, ಬಿಡದೆ ಉಜ್ಜಿ. ಎರಡು ವಾರದಲ್ಲಿ ಕಮ್ಮಿಯಾಗ್ಲಿಲ್ಲ ಅಂದ್ರೆ ಹಲ್ಲಿನ ಡಾಕ್ಟ್ರಿಗೆ ತೋರ್ಸೋಣ. ನಿಲ್ಲದೆ ಸುರಿದ್ರೆ ಮಾತ್ರ ಆ ಕ್ಷಣಾನೇ ಕರ್ಕೊಂಡು ಬನ್ನಿ.”

ಗಾಯವಿದ್ದ ಕಡೆಯೇ ಕೈ ಹಾಕು ಎಂದರೆ ಯಾರಿಗೆ ಮನಸ್ಸು ಬರುತ್ತದೆ? ಸಂಜೆ ಬ್ರಷ್ಷು ಹಿಡಿದು ಬಹಳ ಹೊತ್ತು ಸುಮ್ಮನೆ ಕೂತ. ಆಮೇಲೆ ಅದೇ ಜಾಗಕ್ಕೆ ಹೋದ. ಮತ್ತೆ ಕೆಂಪು. ಮಾರನೆಯ ದಿನವೂ ಕೆಂಪು. ಬಟ್ಟೆಯ ತುಂಡುಗಳನ್ನು ಟೈಲರಮ್ಮನಿಗೆ ಕಾಣದಂತೆ ಬಚ್ಚಲ ಮೂಲೆಯಲ್ಲಿ ನೆನೆಹಾಕುತ್ತಿದ್ದ. ಯಾರನ್ನೋ ಕೊಂದು ಗುರುತು ಅಳಿಸುವವನ ಹಾಗೆ.

ಒಂಬತ್ತನೆಯ ಬೆಳಿಗ್ಗೆ ಅವನು ಹೆದರುತ್ತಿದ್ದದ್ದು ಆಗಿಯೇ ಹೋಯಿತು. ಬಲಗಡೆಯ ಹಿಂದಿನ ಹಲ್ಲುಗಳನ್ನು ಉಜ್ಜುತ್ತಿದ್ದಾಗ ಕೆಳಗೆ ರಸ್ತೆಯಲ್ಲಿ ಲಾರಿಯೊಂದು ಕಿವಿ ಹರಿಯುವಂತೆ ಹಾರ್ನ್ ಹೊಡೆಯಿತು. ಅಕ್ಕ ಬೆಚ್ಚಿದಳು. ದವಡೆ ಕಟ್ಟನೆ ಮುಚ್ಚಿಕೊಂಡಿತು. ಬ್ರಷ್ಷು ಒಳಗೆ, ಹಿಡಿ ಹೊರಗೆ. ಅವನು ಮೆಲ್ಲಗೆ ಎಳೆದ. ದವಡೆ ಇನ್ನೂ ಬಿಗಿಯಿತು. ಪ್ಲಾಸ್ಟಿಕ್ಕು ಕರಕರ ಎಂದಿತು. ಹಿಡಿ ಮುರಿದರೆ? ತಲೆಯ ತುಂಡು ಗಂಟಲಿಗೆ ಇಳಿದರೆ? ಅವಳ ಕಣ್ಣುಗಳು ಅಗಲವಾದವು. ಬಾಯಿ ಬಿಡಬೇಕೆಂದು ಅವಳಿಗೂ ಇತ್ತು, ದವಡೆ ಅವಳ ಮಾತು ಕೇಳುತ್ತಿರಲಿಲ್ಲ. ಮೂಗಿನಿಂದ ಬುಸುಬುಸು ಉಸಿರು. ಅವನ ಕಿವಿಯಲ್ಲಿ ಗುಂಯ್ ಎಂದಿತು. ಮನೆಯಲ್ಲಿ ಇನ್ನು ಯಾರೂ ಇಲ್ಲ. ಹಿಂದೆ ಒಮ್ಮೆ ಕಂಬವಾದ ಹಾಗೆಯೇ ಕಂಬವಾಗುವುದೊಂದೇ ಬಾಕಿ.

ಆದರೆ ಕೈಗೆ ತನ್ನದೇ ಒಂದು ಬುದ್ಧಿ ಇರುತ್ತದೆ. ಬೀಗದೊಳಗೆ ಸಿಕ್ಕಿಕೊಂಡ ಕೀಲಿಯನ್ನು ಗಿರಾಕಿಗಳು ಬಲವಾಗಿ ಎಳೆದೇ ಮುರಿಯುತ್ತಾರೆ. ದಿನಕ್ಕೆ ಹತ್ತು ಸಲ ಅವನು ಹೇಳುವ ಮಾತು: ಎಳೀಬೇಡಿ, ಸಡಿಲ ಬಿಡಿ. ನರ್ಸು ಹೇಳಿದ್ದೂ ಅದನ್ನೇ. ಅವನು ಎಳೆಯುವುದನ್ನು ನಿಲ್ಲಿಸಿದ. ಎಡಗೈಯಿಂದ ಹಿಡಿಯನ್ನು ಸುಮ್ಮನೆ ಆನಿಸಿಕೊಂಡು, ಬಲಗೈಯ ಬೆರಳುಗಳಿಂದ ಅವಳ ಕಿವಿಯ ಕೆಳಗೆ, ದವಡೆಯ ಕೀಲಿನ ಮೇಲೆ, ಮೆಲ್ಲಗೆ ಸುತ್ತು ಸುತ್ತಾಗಿ ನೀವತೊಡಗಿದ.

“ಏನಿಲ್ಲ ಅಕ್ಕಾ. ಲಾರಿ ಅದು, ಹೋಯ್ತು. ಮೂಗಲ್ಲಿ ಉಸಿರು ತಗೋ. ಅವಸರ ಇಲ್ಲ. ನಂಗೇನು ಅಂಗಡಿ ಓಡಿಹೋಗುತ್ತಾ? ಕಾಯ್ತೀನಿ. ಇಬ್ರೂ ಕಾಯೋಣ.”

ಮಾತು ಅವನ ಬಾಯಿಂದ ಬರುತ್ತಿತ್ತು, ಬೆವರು ಹಣೆಯ ದೀಪದ ಪಟ್ಟಿಯಿಂದ ಕಣ್ಣಿಗೆ ಇಳಿಯುತ್ತಿತ್ತು. ಎಷ್ಟು ಹೊತ್ತೋ. ಒಂದು ನಿಮಿಷವೋ ಮೂರೋ. ಬೆರಳ ಕೆಳಗೆ ಗಟ್ಟಿ ಹುರಿಯಂತಿದ್ದ ಮಾಂಸ ಸ್ವಲ್ಪ ಮೆತ್ತಗಾಯಿತು. ಅವಳು ದೊಡ್ಡದಾಗಿ ನಿಟ್ಟುಸಿರು ಬಿಟ್ಟಳು, ದವಡೆ ಇಳಿಯಿತು, ಬ್ರಷ್ಷು ತಾನಾಗಿ ಅವನ ಕೈಗೆ ಬಂತು. ಹಿಡಿಯ ಮೇಲೆ ಹಲ್ಲಿನ ಗುರುತು ಆಳವಾಗಿ ಮೂಡಿತ್ತು.

ಅವನು ನೆಲಕ್ಕೆ ಕುಸಿದು ಕೂತು, ಅವಳ ಮೊಣಕಾಲಿಗೆ ಹಣೆ ಒರಗಿಸಿ, ಬಿಕ್ಕಿ ಬಿಕ್ಕಿ ಅತ್ತ. ಅವಳ ಎಡಗೈ ಅವನ ತಲೆಯ ಮೇಲೆ ಬಂತು. “ಬೇಡ,” ಎಂದಳು. “ಬೇಡ, ಬೇಡ.”

ಅಂದಿನಿಂದ ಉಜ್ಜುವ ಮುಂಚೆ ಕಿಟಕಿ ಮುಚ್ಚುವುದು, ಐದು ನಿಮಿಷ ದವಡೆ ನೀವುವುದು ಸೇರಿಕೊಂಡವು. ಹಿಡಿ ದಪ್ಪಗಿರುವ ಬ್ರಷ್ಷು ಬಂತು. ಎರಡು ವಾರ ತುಂಬುವ ಹೊತ್ತಿಗೆ ಬಟ್ಟೆಯ ತುಂಡುಗಳ ಕೆಂಪು ತಿಳಿಯಾಗಿ, ಆಮೇಲೆ ಇಲ್ಲವಾಯಿತು. ವಾಸನೆಯೂ ಹೋಯಿತು. ಆದರೆ ಹಲ್ಲಿನ ತಟ್ಟೆ ತೆಗೆಯುವ ಹೊತ್ತು ಬಂದರೆ ಅಕ್ಕ ಗೋಡೆಗೆ ಮುಖ ಮಾಡುತ್ತಿದ್ದಳು. ಅದು ಅವನಿಗೆ ರಕ್ತಕ್ಕಿಂತ ಹೆಚ್ಚು ನೋವು ಕೊಟ್ಟಿತು. ಒಂದು ಸಂಜೆ ಡಬ್ಬಿಯನ್ನು ಅವಳ ತೊಡೆಯ ಮೇಲಿಟ್ಟು ಹೇಳಿದ:

“ನಾನು ಆ ಕಡೆ ತಿರುಗಿ ನಿಲ್ತೀನಿ. ನೀನೇ ತೆಗೆದು ಇದ್ರಲ್ಲಿ ಹಾಕು. ನಾನು ನೋಡಲ್ಲ, ಆಣೆ.”

ತಿರುಗಿ ನಿಂತ. ಬಹಳ ಹೊತ್ತಾಯಿತು. ಆಮೇಲೆ ಟಕ್ ಎಂದು ಡಬ್ಬಿಯ ಸದ್ದು. ಹೀಗೇ ಒಂದು ತಿಂಗಳು. ಆಮೇಲೊಂದು ದಿನ, ಅವನು ತಿರುಗುವ ಮೊದಲೇ ಅವಳು ತಟ್ಟೆ ತೆಗೆದು ಅವನ ಕೈಗೇ ಹಾಕಿ, ಹಲ್ಲಿಲ್ಲದ ಸಂದಿ ತೋರಿಸುತ್ತ ಅವನನ್ನೇ ದಿಟ್ಟಿಸಿದಳು. ಈಗೇನು ಹೇಳ್ತೀಯಾ ಎನ್ನುವ ಹಾಗೆ. “ಚೆನ್ನಾಗೇ ಕಾಣ್ತೀಯ ಬಿಡು,” ಎಂದ ಅವನು. ಅವಳ ಎಡಗಡೆಯ ತುಟಿ ಸ್ವಲ್ಪ ಮೇಲೆ ಹೋಯಿತು.

ಚಳಿಗಾಲ ಬಂತು. ಟೈಲರಮ್ಮನಿಗೆ ನೆಗಡಿಯಾಯಿತು, ಅವಳಿಂದ ಅವನಿಗೆ, ಅವನಿಂದ ಅಕ್ಕನಿಗೆ. ಮೂರನೆಯ ದಿನ ಅಕ್ಕನ ಮೈ ಬಿಸಿಯಾಗಿ ಕೆಮ್ಮು ಎದ್ದಾಗ ಬೀಗದಣ್ಣನ ಪ್ರಾಣ ಹಾರಿಹೋಯಿತು. ಬೆನ್ನಿಗೆ ಕಿವಿಯಿಟ್ಟು ಕೇಳಿದ. ತನ್ನ ಎದೆಯ ಸದ್ದೋ ಅವಳದೋ ತಿಳಿಯಲಿಲ್ಲ. ಯಾವ ದಿನ ಯಾವ ಸಂದಿ ಬಿಟ್ಟೆ, ಮೊನ್ನೆ ಅವಸರದಲ್ಲಿ ಬಲಗೆನ್ನೆ ಸರಿಯಾಗಿ ಬಳಿದೆನೋ ಇಲ್ಲವೋ ಎಂದು ಆಸ್ಪತ್ರೆಯ ದಾರಿಯುದ್ದಕ್ಕೂ ಲೆಕ್ಕ ಹಾಕಿದ.

ಡಾಕ್ಟರು ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿದರು, ಬೆನ್ನಿಗಿಟ್ಟು ಕೇಳಿದರು, ಚಿತ್ರ ತೆಗೆಸಿದರು. ಆಮೇಲೆ ಟಾರ್ಚು ಹಾಕಿ ಬಾಯಿ ನೋಡಿದರು. ತಿರುಗಿ, “ಇವರ ಬಾಯಿ ನೋಡ್ಕೊಳ್ಳೋರು ಯಾರು?” ಎಂದರು.

“ನಾನೇ ಸಾರ್. ಏನಾದ್ರೂ... ತಪ್ಪಾಯ್ತಾ?”

“ತಪ್ಪಾ? ಶ್ವಾಸಕೋಶ ತಿಳಿಯಾಗಿದೆ ಕಣ್ರೀ. ಬರೀ ನೆಗಡಿ, ನಾಲ್ಕು ದಿನಕ್ಕೆ ಹೋಗುತ್ತೆ. ಒಸಡು ನೋಡಿ ಸಂತೋಷ ಆಯ್ತು, ಅದಕ್ಕೇ ಕೇಳ್ದೆ. ಈಗ ಮಾಡ್ತಿರೋದನ್ನ ಬಿಡಬೇಡಿ.”

ಹೊರಗೆ ಬಂದು ಗಾಲಿಕುರ್ಚಿಯ ಪಕ್ಕದ ಬೆಂಚಿನ ಮೇಲೆ ಕೂತ. ಎದುರಿಗೆ ಬಸ್ಸೊಂದು ಬಂದು ಹೋಯಿತು, ಇನ್ನೊಂದೂ ಹೋಯಿತು. ಅಕ್ಕ ಅವನ ತೋಳನ್ನು ಜಗ್ಗಿದಳು.

“ಬೇಡ,” ಎಂದಳು, ರಸ್ತೆಯ ಕಡೆ ಗಲ್ಲ ತೋರಿಸಿ. ಸಾಕು ಕೂತದ್ದು, ನಡಿ ಮನೆಗೆ.

ಆಮೇಲೆ ಮೂರು ಚಳಿಗಾಲ ಕಳೆದಿವೆ. ಅಕ್ಕನಿಗೆ ಮತ್ತೆ ನಿಮೋನಿಯಾ ಬರಲಿಲ್ಲ. ಮಾತೂ ಬರಲಿಲ್ಲ, ಆದರೆ ಅವಳ ಬೇಡಗಳಲ್ಲಿ ಹನ್ನೆರಡು ಬಗೆಯವನ್ನು ಬೀಗದಣ್ಣ ಈಗ ಬೇರೆ ಬೇರೆಯಾಗಿ ಗುರುತಿಸಬಲ್ಲ ಎಂದು ಟೈಲರಮ್ಮ ಎಲ್ಲರಿಗೂ ಹೇಳುತ್ತಾಳೆ. ಮೂವತ್ತೈದು ನಿಮಿಷದ ಕೆಲಸ ಈಗ ಹನ್ನೆರಡು ನಿಮಿಷಕ್ಕೆ ಬಂದಿದೆ. ಅದರಲ್ಲಿ ನಾಲ್ಕು ನಿಮಿಷ ಅಕ್ಕ ತಾನೇ ಉಜ್ಜಿಕೊಳ್ಳುತ್ತಾಳೆ, ಅವನು ಬಟ್ಟೆ ಹಿಡಿದು ಕಾಯುತ್ತಾನೆ. ಭಯ ಹೋಯಿತೇ ಎಂದು ನರ್ಸು ಒಮ್ಮೆ ಕೇಳಿದಳು.

“ಎಲ್ಲಿ ಹೋಗುತ್ತೆ ಸಿಸ್ಟರ್? ಬೆಳಿಗ್ಗೆ ನನಗಿಂತ ಮುಂಚೆ ಅದೇ ಎದ್ದಿರುತ್ತೆ,” ಎಂದ ಬೀಗದಣ್ಣ. “ಅದರ ಪಾಡಿಗೆ ಅದು ಪಕ್ಕದಲ್ಲಿ ನಿಂತಿರುತ್ತೆ. ನಾನು ಉಜ್ತೀನಿ.”